ತೊಟ್ಟಿಯ ತಳದ ಹೂಳು: ಒಳಗಿಳಿಯದೆ ತೆಗೆಯುವ ವಿಜ್ಞಾನ

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಬೆಳಗಿನ ಹೊತ್ತು ನಡೆದು ಹೋಗುವವರು ಎರಡು ಬಗೆಯ ಸದ್ದನ್ನು ಕೇಳದೆ ಇರಲಾರರು. ಒಂದು, ಸ್ಪರ್ಧಾ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ತರುಣ ತರುಣಿಯರು ತರಬೇತಿ ಕೇಂದ್ರಗಳತ್ತ ಅವಸರದಿಂದ ಹೆಜ್ಜೆಯಿಡುವ ಸದ್ದು. ಇನ್ನೊಂದು, ಅಂಗಳದ ನೆಲತೊಟ್ಟಿಯಿಂದ ಮಾಳಿಗೆಯ ಮೇಲಿನ ಟಾಕಿಗೆ ನೀರೇರಿಸುವ ಪಂಪಿನ ಸದ್ದು. ನೆಲತೊಟ್ಟಿಯೆಂದರೆ ಜನರು ‘ಸಂಪು’ ಎಂದು ಕರೆಯುವುದೇ ಸರಿ. ಬಾಡಿಗೆಯ ಕೋಣೆಗಳಲ್ಲಿ ವಾಸಿಸುವ ವಿದ್ಯಾರ್ಥಿಗಳು ಮುಖ ತೊಳೆಯುವುದೂ ಕುಡಿಯುವುದೂ ಈ ತೊಟ್ಟಿಯ ನೀರನ್ನೇ. ಆದರೆ ಅದರ ಮುಚ್ಚಳವನ್ನು ತೆರೆದು ಒಳಗೆ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಒಮ್ಮೆ ನಾವು ನೋಡಿದೆವು. ಮೇಲಿನ ನೀರು ಗಾಜಿನಂತೆ ತಿಳಿಯಾಗಿತ್ತು. ಕೈದೀಪದ ಬೆಳಕನ್ನು ತಳಕ್ಕೆ ಬಿಟ್ಟಾಗ ಅಲ್ಲಿ ಎರಡು ಬೆರಳು ದಪ್ಪದ ಕಂದುಬಣ್ಣದ ಮೆತ್ತನೆಯ ಹಾಸು ಕಾಣಿಸಿತು. ಉದ್ದವಾದ ಕೋಲಿನಿಂದ ಅದನ್ನು ಮೆಲ್ಲನೆ ಮುಟ್ಟಿದೊಡನೆಯೇ ಹೊಗೆಯಂತೆ ಎದ್ದು ನೀರನ್ನೆಲ್ಲ ಕದಡಿಬಿಟ್ಟಿತು. ಈ ಹೂಳನ್ನು ಕದಡದೆ ತೆಗೆಯುವುದು ಹೇಗೆ? ಯಾರೂ ಒಳಗಿಳಿಯದೆ ತೆಗೆಯುವುದು ಹೇಗೆ? ಈಜುಕೊಳವುಳ್ಳ ಮನೆಯವರೂ ಕೇಳುವ ಪ್ರಶ್ನೆಗಳಿವು. ಕೊಳ ದೊಡ್ಡದು, ತೊಟ್ಟಿ ಚಿಕ್ಕದು. ಭೌತವಿಜ್ಞಾನ ಮಾತ್ರ ಎರಡಕ್ಕೂ ಒಂದೇ. ಅದನ್ನೇ ಈ ಲೇಖನದಲ್ಲಿ ವಿಚಾರಿಸೋಣ.

ಹೂಳು ಬರುವುದೆಲ್ಲಿಂದ?

ಹುಬ್ಬಳ್ಳಿ-ಧಾರವಾಡಕ್ಕೆ ನೀರು ಮುಖ್ಯವಾಗಿ ಮಲಪ್ರಭಾ ನದಿಯಿಂದ ಬರುತ್ತದೆ. ಸವದತ್ತಿಯ ಸಮೀಪದ ನವಿಲುತೀರ್ಥದ ಅಣೆಕಟ್ಟೆಯ ಹಿಂದೆ ನಿಂತ ನೀರನ್ನು ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿ, ಕೊಳವೆಗಳಲ್ಲಿ ಊರಿಗೆ ಕಳಿಸುತ್ತಾರೆ. ಶುದ್ಧೀಕರಿಸಿದ ನೀರಿನಲ್ಲಿ ಹೂಳೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಕೊಳವೆಯಲ್ಲಿದೆ. ದಿನಗಳ ಅಂತರದಲ್ಲಿ ಕೆಲವೇ ಗಂಟೆ ನೀರು ಬಿಡುವ ಪದ್ಧತಿಯಿದ್ದಲ್ಲಿ, ಉಳಿದ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡವಿರುವುದಿಲ್ಲ. ಬಿರುಕುಗಳ ಮೂಲಕ ಸುತ್ತಲಿನ ಮಣ್ಣಿನ ನೀರು ಒಳಗೆ ಜಿನುಗುತ್ತದೆ. ಒಳಗೋಡೆಗೆ ಅಂಟಿದ ಪೊರೆ ಸಡಿಲವಾಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಹರಿವು ಇವೆಲ್ಲವನ್ನೂ ಬಳಿದುಕೊಂಡು ಬಂದು ತೊಟ್ಟಿಗೆ ಸುರಿಯುತ್ತದೆ.

ಇದು ಕೇವಲ ಊಹೆಯಲ್ಲ. 2007-08ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಿಗೆ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಏರ್ಪಾಡು ಆರಂಭವಾಯಿತು. ಉಳಿದ ವಾರ್ಡುಗಳಲ್ಲಿ ಹಳೆಯ ಪದ್ಧತಿಯೇ ನಡೆದಿತ್ತು. ಹೀಗೆ ನಮ್ಮ ಊರೇ ಒಂದು ಪ್ರಯೋಗಶಾಲೆಯಾಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಬಗೆಯ ನಲ್ಲಿಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಲದ ಸೋಂಕನ್ನು ಸೂಚಿಸುವ ಈ-ಕೋಲೈ ಬ್ಯಾಕ್ಟೀರಿಯವು ನಿರಂತರ ಸರಬರಾಜಿನ ನಲ್ಲಿಗಳಲ್ಲಿ ನೂರಕ್ಕೆ ಒಂದು ಮಾದರಿಯಲ್ಲಿಯೂ ಕಾಣಲಿಲ್ಲವೆನ್ನಬಹುದು. ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಮಾದರಿಗಳಲ್ಲಿ ಕಂಡಿತು. ನೀರು ಆಗಾಗ ಬರುವುದರಿಂದ ನಾವು ತೊಟ್ಟಿ ಕಟ್ಟುತ್ತೇವೆ. ಆ ತೊಟ್ಟಿಯನ್ನು ಶುಚಿಯಾಗಿಡುವ ಹೊಣೆಯೂ ಆಗ ನಮ್ಮ ಮೇಲೆಯೇ ಬೀಳುತ್ತದೆ.

ಕಣ ಮುಳುಗುವ ವೇಗ

ಹೂಳಿನ ಕಣಗಳೆಲ್ಲ ಒಂದೇ ವೇಗದಲ್ಲಿ ತಳ ಸೇರುವುದಿಲ್ಲ. ದ್ರವದಲ್ಲಿ ಮುಳುಗುವ ಸಣ್ಣ ಗೋಲದ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದನು. ಎಂದರೆ, ವ್ಯಾಸವು ಹತ್ತರಲ್ಲಿ ಒಂದು ಪಾಲಾದರೆ ವೇಗವು ನೂರರಲ್ಲಿ ಒಂದು ಪಾಲಾಗುತ್ತದೆ.

ಒಂದೂವರೆ ಮೀಟರ್ ಆಳದ ತೊಟ್ಟಿಯನ್ನು ತೆಗೆದುಕೊಳ್ಳೋಣ. 0.05 ಮಿಲಿಮೀಟರ್ ವ್ಯಾಸದ ಮಣ್ಣಿನ ಕಣವು ಸೆಕೆಂಡಿಗೆ ಸುಮಾರು ಎರಡೂವರೆ ಮಿಲಿಮೀಟರ್ ಇಳಿಯುತ್ತದೆ. ತಳ ಮುಟ್ಟಲು ಅದಕ್ಕೆ ಹತ್ತೇ ನಿಮಿಷ ಸಾಕು. 0.005 ಮಿಲಿಮೀಟರಿನ ಕಣಕ್ಕೆ ಇದರ ನೂರು ಪಟ್ಟು, ಅಂದರೆ ಸುಮಾರು ಹದಿನೇಳು ಗಂಟೆ ಬೇಕು. 0.001 ಮಿಲಿಮೀಟರಿನ ಜೇಡಿಕಣಕ್ಕೆ ಬೇಕಾದುದು ಹದಿನೇಳು ದಿನ! ಅಷ್ಟು ದಿನ ತೊಟ್ಟಿಯ ನೀರು ಅಲುಗದೆ ಇರುವುದುಂಟೆ? ಆದುದರಿಂದಲೇ ಬಹು ಸೂಕ್ಷ್ಮವಾದ ಜೇಡಿಯು ತಾನಾಗಿ ಮುಳುಗುವುದಿಲ್ಲವೆಂದೇ ಹೇಳಬೇಕು. ಈ ಕಣಗಳ ಮೇಲೆ ಋಣವಿದ್ಯುದಂಶವಿದ್ದು ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಪಟಿಕವನ್ನು ಕರಗಿಸಿದಾಗ ಅದರ ಅಲ್ಯೂಮಿನಿಯಮ್ ಈ ವಿದ್ಯುದಂಶವನ್ನು ತಗ್ಗಿಸುತ್ತದೆ. ಕಣಗಳು ಕೂಡಿ ಗುಂಪುಗಳಾಗುತ್ತವೆ. ಗುಂಪು ದೊಡ್ಡದಾದಂತೆ ಸ್ಟೋಕ್ಸನ ನಿಯಮವು ನಮ್ಮ ಪಕ್ಷ ವಹಿಸುತ್ತದೆ. ಹಳ್ಳಿಯ ಮನೆಗಳಲ್ಲಿ ಕದಡಿದ ನೀರಿನ ಕೊಡದೊಳಗೆ ಪಟಿಕವನ್ನು ಆಡಿಸುತ್ತಿದ್ದುದರ ಗುಟ್ಟು ಇದೇ.

ನೀರನ್ನು ನಿಲ್ಲಿಸಿ ಹೂಳನ್ನು ಇಳಿಸುವ ಈ ಉಪಾಯ ನಮ್ಮ ನಾಡಿಗೆ ಹೊಸದಲ್ಲ. ವಿಜಯಪುರದಲ್ಲಿ ಮೊಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ, ಕಟ್ಟಿದ ಬೇಗಂ ತಲಾಬಿನಿಂದ ನಗರಕ್ಕೆ ನೀರು ಸಾಗುತ್ತಿದ್ದ ದಾರಿಯಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. ಅವು ಕೊಳವೆಯ ಮೇಲಿನ ಒತ್ತಡವನ್ನು ತಗ್ಗಿಸುತ್ತಿದ್ದುವು; ಜೊತೆಗೆ, ಹೂಳು ಅವುಗಳ ಬುಡದಲ್ಲಿ ಇಳಿದು ನಿಂತು ತಿಳಿನೀರು ಮುಂದಕ್ಕೆ ಹೋಗುತ್ತಿತ್ತು.

ಹೀರುವುದೆಂದರೇನು?

ತಳ ಸೇರಿದ ಹೂಳನ್ನು ನಳಿಗೆಯಿಂದ ಹೀರಿ ತೆಗೆಯಬೇಕು. ಆದರೆ ‘ಹೀರುವುದು’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುವಂಥದು. ನಿರ್ವಾತಕ್ಕೆ ನೀರನ್ನು ಎಳೆಯುವ ಶಕ್ತಿಯಿಲ್ಲ. ನೀರನ್ನು ನಳಿಗೆಯೊಳಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ. ಹೀರುವ ಪಂಪುಗಳು ಒಂದು ಮಿತಿಗಿಂತ ಆಳದಿಂದ ನೀರೆತ್ತಲಾರವು ಎಂಬುದನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಹೇಳಿದನು. ಅವನ ಶಿಷ್ಯ ಟೊರಿಚೆಲಿಯು ಅದರ ಕಾರಣವನ್ನು ಪಾದರಸದ ಕೊಳವೆಯಿಂದ ತೋರಿಸಿದನು. 1648ರಲ್ಲಿ ಪಾಸ್ಕಲನ ಸೂಚನೆಯಂತೆ ಅವನ ಭಾವನು ಅದೇ ಕೊಳವೆಯನ್ನು ಫ್ರಾನ್ಸಿನ ಪುಯಿ-ದ-ದೋಮ್ ಬೆಟ್ಟದ ಮೇಲಕ್ಕೆ ಒಯ್ದಾಗ ಪಾದರಸ ತಗ್ಗಿತು. ಎತ್ತರ ಹೆಚ್ಚಿದಂತೆ ಗಾಳಿಯ ಭಾರ ಕಡಿಮೆಯಾಗುವುದೆಂಬುದು ಹೀಗೆ ಸಿದ್ಧವಾಯಿತು.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡವು ಸುಮಾರು 10.3 ಮೀಟರ್ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲದು. ಧಾರವಾಡವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ಈ ಮಿತಿ ಸುಮಾರು 9.4 ಮೀಟರಿಗೆ ಇಳಿಯುತ್ತದೆ. ಕಾರವಾರದ ಕಡಲದಂಡೆಯಲ್ಲಿರುವವನಿಗೆ ದೊರೆಯುವ ಗಾಳಿಯ ನೆರವಿನಲ್ಲಿ ಹತ್ತನೆಯ ಒಂದು ಪಾಲು ಸಪ್ತಾಪುರದವನಿಗೆ ಇಲ್ಲ! ನಳಿಗೆಯ ಘರ್ಷಣೆ ಮೊದಲಾದವನ್ನು ಕಳೆದರೆ ಬಳಕೆಯಲ್ಲಿ ಆರೇಳು ಮೀಟರ್ ಉಳಿದೀತು. ಎರಡು ಮೀಟರ್ ಆಳದ ತೊಟ್ಟಿಗೆ ಅದು ಧಾರಾಳವಾಗಿ ಸಾಕು.

ಮಾಳಿಗೆಯ ಟಾಕಿಯಾದರೆ ಪಂಪೂ ಬೇಡ. ನೀರು ತುಂಬಿದ ನಳಿಗೆಯ ಒಂದು ತುದಿಯನ್ನು ಟಾಕಿಯ ತಳಕ್ಕೂ ಇನ್ನೊಂದು ತುದಿಯನ್ನು ಅಂಗಳಕ್ಕೂ ಬಿಟ್ಟರೆ ಸೈಫನ್ ತಾನಾಗಿ ನಡೆಯುತ್ತದೆ. ಅದಕ್ಕೆ ಎರಡೇ ನಿಬಂಧನೆಗಳು: ಹೊರತುದಿಯು ಟಾಕಿಯ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು, ನಳಿಗೆಯಲ್ಲಿ ಗಾಳಿ ಇರಕೂಡದು. ನೆಲತೊಟ್ಟಿಗೆ ಮೊದಲನೆಯ ನಿಬಂಧನೆಯೇ ತೊಡಕು. ಧಾರವಾಡವು ಏರುತಗ್ಗುಗಳ ಊರು. ಇಳಿಜಾರಿನ ಮೇಲಿನ ಮನೆಯಾಗಿ, ತೋಟವು ತೊಟ್ಟಿಯ ತಳಕ್ಕಿಂತ ತಗ್ಗಿನಲ್ಲಿದ್ದರೆ ಅಲ್ಲಿಯೂ ಸೈಫನ್ ಸಾಧ್ಯ. ಉಳಿದೆಡೆ ಪಂಪನ್ನೇ ಹೂಡಬೇಕು.

ಮೇಣದಬತ್ತಿಯ ಪಾಠ

ಇಲ್ಲಿ ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡಬೇಕು. ಉರಿಯುವ ಮೇಣದಬತ್ತಿಯನ್ನು ಒಂದು ಗೇಣು ದೂರದಿಂದ ಊದಿದರೆ ಅದು ಆರುತ್ತದೆ. ಅಷ್ಟೇ ದೂರದಿಂದ ಉಸಿರನ್ನು ಒಳಕ್ಕೆ ಎಳೆದು ಆರಿಸಲು ಯತ್ನಿಸಿದರೆ ಜ್ವಾಲೆ ಅಲುಗುವುದೇ ಕಷ್ಟ. ಏಕೆ? ಊದಿದ ಗಾಳಿ ಒಂದೇ ದಿಕ್ಕಿನಲ್ಲಿ ಬಾಣದಂತೆ ಸಾಗುತ್ತದೆ. ಎಳೆದ ಗಾಳಿಯಾದರೋ ಎಲ್ಲ ದಿಕ್ಕುಗಳಿಂದಲೂ ಹರಿದು ಬರುವುದರಿಂದ ಬಾಯಿಂದ ತುಸು ದೂರದಲ್ಲಿಯೇ ಅದರ ವೇಗ ಅಳಿದುಹೋಗುತ್ತದೆ.

ನಳಿಗೆಯ ಬಾಯಿಯ ಕಥೆಯೂ ಇದೇ. ಸೆಕೆಂಡಿಗೆ ಅರ್ಧ ಲೀಟರ್ ಹರಿಯುವ 25 ಮಿಲಿಮೀಟರ್ ವ್ಯಾಸದ ನಳಿಗೆಯೊಳಗೆ ನೀರಿನ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಬಾಯಿಂದ 5 ಸೆಂಟಿಮೀಟರ್ ದೂರದಲ್ಲಿ, ನೀರು ಅರ್ಧಗೋಲದ ಎಲ್ಲ ಕಡೆಯಿಂದಲೂ ಬರುತ್ತದೆಂದು ಲೆಕ್ಕ ಹಾಕಿದರೆ, ವೇಗವು ಸೆಕೆಂಡಿಗೆ 3 ಸೆಂಟಿಮೀಟರ್ ಮಾತ್ರ. 10 ಸೆಂಟಿಮೀಟರ್ ದೂರದಲ್ಲಿ ಅದು ಒಂದು ಸೆಂಟಿಮೀಟರಿಗಿಂತಲೂ ಕಡಿಮೆ. ದೂರ ಇಮ್ಮಡಿಯಾದರೆ ವೇಗ ಕಾಲುಭಾಗವಾಗುವುದೆಂಬುದನ್ನು ಗಮನಿಸಿರಿ. ಆದುದರಿಂದ ನಳಿಗೆಯನ್ನು ನೀರಿನ ನಡುವೆ ತೂಗಬಿಟ್ಟು ಹೂಳು ತಾನಾಗಿ ಬಂದೀತೆಂದು ಕಾಯುವುದು ವ್ಯರ್ಥ. ಬಾಯಿಯನ್ನು ತಳಕ್ಕೆ ಬೆರಳಷ್ಟು ಸಮೀಪದಲ್ಲಿ ಹಿಡಿದು, ಉತ್ತ ನೆಲದ ಸಾಲುಗಳಂತೆ ಸಾಲುಸಾಲಾಗಿ, ಬಹು ಮೆಲ್ಲನೆ ಸರಿಸುತ್ತ ಹೋಗಬೇಕು. ಅವಸರಪಟ್ಟರೆ ಹೂಳು ಮೇಲೇಳುತ್ತದೆ. ಎದ್ದ ಹೂಳು ಮತ್ತೆ ಕುಳಿತುಕೊಳ್ಳಲು ಎಷ್ಟು ಗಂಟೆ ಬೇಕೆಂಬುದನ್ನು ಸ್ಟೋಕ್ಸನು ಆಗಲೇ ಹೇಳಿದ್ದಾನೆ.

ಒಳಗೆ ಇಳಿಯಕೂಡದು

ಇಷ್ಟೆಲ್ಲ ಕಷ್ಟವೇಕೆ, ನೀರನ್ನು ಬರಿದು ಮಾಡಿ ಒಬ್ಬನು ಇಳಿದು ಬಳಿದರಾಗದೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನವನ್ನು ಬರೆದಿದ್ದೇವೆ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವು ನೂರರಲ್ಲಿ ಸುಮಾರು 21 ಪಾಲು. ಮುಚ್ಚಿದ ತೊಟ್ಟಿಯಲ್ಲಿ ಕೊಳೆತ ಹೂಳಿನ ಸೂಕ್ಷ್ಮಜೀವಿಗಳು ಈ ಆಮ್ಲಜನಕವನ್ನು ಉಪಯೋಗಿಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಆಮ್ಲಜನಕ ಪೂರ್ತಿ ತೀರಿದೆಡೆಯಲ್ಲಿ ಬೇರೊಂದು ಜಾತಿಯ ಬ್ಯಾಕ್ಟೀರಿಯಗಳು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡನ್ನು ಹುಟ್ಟಿಸುತ್ತವೆ. ಈ ವಿಷದ ದೊಡ್ಡ ಕೇಡೆಂದರೆ, ಪ್ರಮಾಣ ಹೆಚ್ಚಿದಾಗ ಅದು ಮೂಗಿನ ಅರಿವನ್ನೇ ಕೊಲ್ಲುತ್ತದೆ. ನಾತ ನಿಂತಿತೆಂದು ಧೈರ್ಯ ತಾಳಿದವನು ಅಪಾಯದ ನಡುವೆಯೇ ಇರುತ್ತಾನೆ. ಆಮ್ಲಜನಕವು 19.5ಕ್ಕಿಂತ ಕೆಳಗಿಳಿದ ಎಡೆಯನ್ನು ಸುರಕ್ಷಿತವೆಂದು ಎಣಿಸುವುದಿಲ್ಲ. 10ಕ್ಕಿಂತ ಕೆಳಗೆ ಎಚ್ಚರ ತಪ್ಪುತ್ತದೆ. 6ಕ್ಕೆ ಇಳಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

ದೀಪವನ್ನು ಇಳಿಬಿಟ್ಟು ನೋಡುವ ಹಳೆಯ ವಾಡಿಕೆಯನ್ನು ನಂಬಿ ಇಳಿಯುವುದೂ ತಪ್ಪು. ದೀಪ ಆರಿದರೆ ಅಪಾಯ ನಿಶ್ಚಯ. ಆದರೆ ದೀಪ ಉರಿದ ಮಾತ್ರಕ್ಕೆ ವಿಷಾನಿಲವಿಲ್ಲವೆಂದು ಹೇಳಲಾಗದು. ಉರಿಯುವ ಅನಿಲವಿದ್ದಲ್ಲಿ ದೀಪವೇ ಸ್ಫೋಟಕ್ಕೆ ಕಾರಣವಾದೀತು.

ಇಂಥ ಅನಾಹುತಗಳ ಸುದ್ದಿಗಳನ್ನು ಓದಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಅಣ್ಣನೋ ಗೆಳೆಯನೋ ಇಳಿಯುತ್ತಾನೆ, ಅವನೂ ಏಳುವುದಿಲ್ಲ. ಪ್ರೀತಿಯೇ ಎರಡನೆಯ ಬಲಿಗೆ ಕಾರಣವಾಗುತ್ತದೆ. ಆದುದರಿಂದ ಯಾರಾದರೂ ಕುಸಿದಿದ್ದರೆ ಒಳಗಿಳಿಯದೆ, ಮುಚ್ಚಳವನ್ನು ಪೂರ್ತಿ ತೆರೆದು, ಕೂಡಲೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು. ಇಳಿಯದೆಯೇ ಕೆಲಸ ತೀರುವಂತೆ ಏರ್ಪಾಡು ಮಾಡುವುದು ಇದಕ್ಕಿಂತಲೂ ಮೇಲು.

ತೊಟ್ಟಿಯನ್ನು ತೊಳೆಯುವ ಕ್ರಮ

ಹಿಂದಿನ ದಿನ ಸಂಜೆ ತೊಟ್ಟಿಗೆ ಹೊಸ ನೀರು ಬರುವುದನ್ನೂ ಪಂಪನ್ನು ನಡೆಸುವುದನ್ನೂ ನಿಲ್ಲಿಸಬೇಕು. ಮರುದಿನ ಬೆಳಗಾಗುವುದರೊಳಗೆ ಹೂಳಿನ ಬಹುಭಾಗ ತಳ ಸೇರಿರುತ್ತದೆ. ಉದ್ದನೆಯ ಹಗುರವಾದ ಕೋಲಿಗೆ ನಳಿಗೆಯನ್ನು ಕಟ್ಟಿ, ಅದರ ಬಾಯಿಗೆ ಅಗಲವಾದ ಚಪ್ಪಟೆ ಮುಖವನ್ನು ಜೋಡಿಸಿ, ಮೇಲೆ ನಿಂತುಕೊಂಡೇ ತಳವನ್ನು ಬಳಿಯಬೇಕು. ತಲೆಯನ್ನು ಮುಚ್ಚಳದೊಳಗೆ ಬಗ್ಗಿಸಕೂಡದು. ಹೊರಬಂದ ಕೆಸರುನೀರನ್ನು ಗಿಡಗಳ ಪಾತಿಗೆ ಬಿಡಬಹುದು. ವಿದ್ಯುತ್ ಪಂಪಿನ ತಂತಿಯಲ್ಲಿ ಬಿರುಕಿಲ್ಲವೆಂಬುದನ್ನೂ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸಾಧನವು ಮನೆಯಲ್ಲಿದೆಯೆಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಎಣ್ಣೆಯಿಂದ ನಡೆಯುವ ಪಂಪಾದರೆ ಅದರ ಹೊಗೆ ತೊಟ್ಟಿಯ ಕಡೆಗೆ ಸುಳಿಯದಂತೆ ದೂರದಲ್ಲಿರಿಸಬೇಕು.

ಹೂಳು ಹೋದ ಮೇಲೆ ಗೋಡೆಗಳನ್ನು ಉದ್ದ ಹಿಡಿಯ ಕುಂಚದಿಂದ ಉಜ್ಜಿ, ಕೊನೆಯ ನೀರನ್ನು ಹೀರಿ ತೆಗೆದು, ಕ್ಲೋರಿನ್ ದ್ರಾವಣವನ್ನು ಬಳಿಯಬೇಕು. ಬ್ಲೀಚಿಂಗ್ ಪೌಡರಿನಲ್ಲಿ ದೊರೆಯುವ ಕ್ಲೋರಿನ್ ನೂರರಲ್ಲಿ 25ರಿಂದ 33 ಪಾಲು. ಹಳೆಯದಾದಂತೆ ಇದು ಕುಂದುತ್ತದೆ. 25 ಎಂದೇ ಹಿಡಿಯೋಣ. 20 ಲೀಟರ್ ನೀರಿಗೆ 16 ಗ್ರಾಂ ಪೌಡರನ್ನು ಕಲಸಿದರೆ 4 ಗ್ರಾಂ ಕ್ಲೋರಿನ್, ಅಂದರೆ ಲೀಟರಿಗೆ 200 ಮಿಲಿಗ್ರಾಂ ದೊರೆಯುತ್ತದೆ. ಸುಣ್ಣದ ಅಂಶ ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಗೋಡೆಗಳಿಗೆ ಬಳಿದು, ಅರ್ಧ ಗಂಟೆ ಬಿಟ್ಟು ತೊಳೆದು, ಆ ನೀರನ್ನೂ ಹೀರಿ ತೆಗೆಯಬೇಕು. ಇದನ್ನು ಗಿಡಗಳಿಗೆ ಬಿಡಕೂಡದು. ಬ್ಲೀಚಿಂಗ್ ಪೌಡರನ್ನು ಆಮ್ಲದೊಡನೆ, ವಿಶೇಷವಾಗಿ ಶೌಚಾಲಯ ತೊಳೆಯುವ ಆಮ್ಲದೊಡನೆ, ಎಂದೂ ಬೆರೆಸಬಾರದು. ಪ್ರಾಣಾಂತಕವಾದ ಕ್ಲೋರಿನ್ ಅನಿಲ ಹೊರಡುತ್ತದೆ.

ಮತ್ತೆ 5,000 ಲೀಟರ್ ನೀರು ತುಂಬಿದಾಗ ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಸೇರಿಸಬೇಕೆಂದರೆ ಒಟ್ಟು 5 ಗ್ರಾಂ ಕ್ಲೋರಿನ್, ಎಂದರೆ 20 ಗ್ರಾಂ ಪೌಡರ್ ಸಾಕು. ಅರ್ಧ ಗಂಟೆಯ ಅನಂತರ ಪರೀಕ್ಷಿಸಿದಾಗ ಲೀಟರಿಗೆ 0.2 ಮಿಲಿಗ್ರಾಮಿಗೆ ಕಡಿಮೆಯಿಲ್ಲದಂತೆ ಕ್ಲೋರಿನ್ ಉಳಿದಿರಬೇಕೆಂಬುದು ಕುಡಿಯುವ ನೀರಿನ ಭಾರತೀಯ ಮಾನಕ. ಕಡೆಯಲ್ಲಿ ಮುಚ್ಚಳವನ್ನು ಸಂದಿಲ್ಲದಂತೆ ಮುಚ್ಚಬೇಕು. ಬೆಳಕು ಹೋಗದಿದ್ದರೆ ಪಾಚಿ ಬೆಳೆಯದು. ಸಂದಿಲ್ಲದಿದ್ದರೆ ಡೆಂಗಿ ಜ್ವರವನ್ನು ಹರಡುವ ಸೊಳ್ಳೆ ಮೊಟ್ಟೆಯಿಡದು.

ಈಜುಕೊಳದ ವಿಶೇಷ

ಮನೆಯ ಈಜುಕೊಳಕ್ಕೆ ಮುಚ್ಚಳವಿಲ್ಲ. ಬಿಸಿಲು, ಧೂಳು, ಎಲೆ, ಮೈಬೆವರು ಎಲ್ಲವೂ ಅದಕ್ಕೆ ಸೇರುತ್ತವೆ. ಅಲ್ಲಿಯೂ ಉದ್ದ ಕೋಲಿನ ತುದಿಗೆ ಚಪ್ಪಟೆಯ ಹೀರುಮುಖವಿರುತ್ತದೆ. ಅದರ ನಳಿಗೆಯನ್ನು ಮೊದಲು ನೀರಿನಲ್ಲಿ ಮುಳುಗಿಸಿ ಗಾಳಿಯನ್ನೆಲ್ಲ ಹೊರಡಿಸಿ, ಬಳಿಕ ಕೊಳದ ಪಂಪಿಗೆ ಜೋಡಿಸುತ್ತಾರೆ. ಪಂಪು ಆ ನೀರನ್ನು ಮರಳಿನ ಸೋಸುಗದ ಮೂಲಕ ಹಾಯಿಸಿ ಕೊಳಕ್ಕೆ ಮರಳಿಸುತ್ತದೆ. ಕೊಳೆ ಹೆಚ್ಚಿ ಸೋಸುಗದ ಒತ್ತಡಮಾಪಕ ಏರಿದಾಗ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯುತ್ತಾರೆ.

ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ 70,000 ಲೀಟರ್ ನೀರು ಹಿಡಿಯುತ್ತದೆ. ಪಂಪು ಗಂಟೆಗೆ 10,000 ಲೀಟರ್ ಸಾಗಿಸಿದರೆ ಏಳು ಗಂಟೆಗಳಲ್ಲಿ ಕೊಳದಷ್ಟೇ ನೀರು ಸೋಸುಗವನ್ನು ಹಾಯುತ್ತದೆ. ಹಾಗಾದರೆ ನೀರೆಲ್ಲವೂ ಸೋಸಿತೆ? ಇಲ್ಲ. ಸೋಸಿದ ನೀರು ಸೋಸದ ನೀರಿನೊಡನೆ ಸದಾ ಬೆರೆಯುತ್ತಿರುವುದರಿಂದ ಮೊದಲ ಸುತ್ತಿನಲ್ಲಿ ನೂರಕ್ಕೆ 63 ಪಾಲು ಮಾತ್ರ ಸೋಸಿರುತ್ತದೆ. ಎರಡು ಸುತ್ತುಗಳಿಗೆ 86, ಮೂರಕ್ಕೆ 95, ನಾಲ್ಕಕ್ಕೆ 98. ಘಾತೀಯ ಕ್ಷಯದ ಗಣಿತವನ್ನು ಕಲಿತ ಕಾಲೇಜು ವಿದ್ಯಾರ್ಥಿಗಳು ಇದನ್ನು ತಾವೇ ಸಾಧಿಸಿ ನೋಡಬಹುದು.

ಕೊಳದಲ್ಲಿ ಕ್ಲೋರಿನ್ನಿನ ಜೊತೆಗೆ ಪಿಎಚ್ ಅನ್ನೂ ಅಳೆಯಬೇಕು. ಕ್ಲೋರಿನ್ ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲವಾಗಿಯೂ ಹೈಪೋಕ್ಲೋರೈಟ್ ಅಯಾನಾಗಿಯೂ ಇರುತ್ತದೆ. ಇವೆರಡರಲ್ಲಿ ರೋಗಾಣುಗಳನ್ನು ಬೇಗ ಕೊಲ್ಲುವುದು ಆಮ್ಲ. ಪಿಎಚ್ 7.5ರ ಸುಮಾರಿಗೆ ಇವೆರಡೂ ಸಮಪಾಲು. ಪಿಎಚ್ 8.5ಕ್ಕೆ ಏರಿದರೆ ಆಮ್ಲದ ಪಾಲು ನೂರಕ್ಕೆ ಹತ್ತಕ್ಕೆ ಕುಸಿಯುತ್ತದೆ. ಹಾಕಿದ ಕ್ಲೋರಿನ್ ಅಷ್ಟೇ, ಫಲ ಮಾತ್ರ ಐದನೆಯ ಒಂದು ಪಾಲು! ಅದಕ್ಕಾಗಿಯೇ ಪಿಎಚ್ ಅನ್ನು 7.2ರಿಂದ 7.8ರೊಳಗೆ ಇಡುತ್ತಾರೆ. ಬಿಸಿಲು ಕ್ಲೋರಿನ್ನನ್ನು ಒಡೆಯುವುದರಿಂದ ಅದನ್ನು ಸಂಜೆ ಹಾಕುವುದು ಲಾಭಕರ.

ಮಾಡಿ ನೋಡಿರಿ

1. ತೋಟದ ಮಣ್ಣನ್ನು ಗಾಜಿನ ಜಾಡಿಯಲ್ಲಿ ಕದಡಿ ನಿಲ್ಲಿಸಿರಿ. ಒಂದು ನಿಮಿಷ, ಒಂದು ಗಂಟೆ, ಒಂದು ದಿನ ಕಳೆದಾಗ ಎಷ್ಟು ಹೂಳು ಇಳಿದಿದೆಯೆಂದು ಗುರುತು ಹಾಕಿರಿ. ಇನ್ನೊಂದು ಜಾಡಿಗೆ ಚಿಟಿಕೆ ಪಟಿಕ ಹಾಕಿ ಎರಡನ್ನೂ ಹೋಲಿಸಿರಿ.

2. 15 ಲೀಟರಿನ ಬಕೆಟ್ಟು ಸೈಫನ್ನಿನಿಂದ ತುಂಬಲು ಎಷ್ಟು ಸೆಕೆಂಡು ಬೇಕೆಂದು ಅಳೆದು, ನಳಿಗೆಯೊಳಗಿನ ವೇಗವನ್ನು ಲೆಕ್ಕ ಹಾಕಿರಿ. ಹೊರತುದಿಯನ್ನು ಮೇಲೆ ಕೆಳಗೆ ಸರಿಸಿದರೆ ವೇಗವೇನಾಗುತ್ತದೆ?

3. ನಿಮ್ಮ ಊರಿನ ಎತ್ತರವನ್ನು ತಿಳಿದು, ಅಲ್ಲಿ ಹೀರುವ ಪಂಪಿನ ಮಿತಿ ಎಷ್ಟೆಂಬುದನ್ನು ಕಂಡುಹಿಡಿಯಿರಿ.

ಪರೀಕ್ಷೆಗಾಗಿ ಓದಿದ ಸ್ಟೋಕ್ಸನ ನಿಯಮವೂ ಟೊರಿಚೆಲಿಯ ಕೊಳವೆಯೂ ಪುಸ್ತಕದೊಳಗೇ ಉಳಿಯಬೇಕಾಗಿಲ್ಲ. ನಾವು ದಿನವೂ ತುಳಿದು ಹೋಗುವ ಅಂಗಳದ ಮುಚ್ಚಳದ ಕೆಳಗೆ ಅವು ಕೆಲಸ ಮಾಡುತ್ತಿವೆ. ಮುಂದಿನ ಸಲ ತೊಟ್ಟಿ ತೊಳೆಯಲು ಯಾರನ್ನೋ ಕರೆಸಿ ಏಣಿಯನ್ನು ಇಳಿಬಿಡುವ ಮಾತು ಬಂದಾಗ, ಏಣಿಯನ್ನು ತೆಗೆದಿರಿಸಿ ನಳಿಗೆಯನ್ನು ತರಿಸುವಷ್ಟು ವಿಜ್ಞಾನ ನಮ್ಮಲ್ಲಿದ್ದರೆ ಒಂದು ಜೀವ ಉಳಿದೀತು. ಕಲಿತ ವಿದ್ಯೆಗೆ ಅದಕ್ಕಿಂತ ದೊಡ್ಡ ಅಂಕ ಇನ್ನಾವುದಿದೆ?